ಕಡೇ ಬೆಂಚಿನಲ್ಲಿ ಕೂರುತ್ತಿದ್ದ ಟೀಚರಮ್ಮ

ನಮ್ಮ ಬೀದಿಯಲ್ಲಿದ್ದ ಟೀಚರಮ್ಮ ಹೋದ ತಿಂಗಳು ಚನ್ನರಾಯಪಟ್ಟಣದಲ್ಲಿ, ತಂಗಿಯ ಮನೆಯಲ್ಲಿ ತೀರಿಕೊಂಡರು. ಸುದ್ದಿ ಬಂದದ್ದು ನನ್ನ ಮಗಳ ಫೋನಿಗೆ. ಅವರ ಹತ್ತಿರ ಓದಿದವರು ಮಾಡಿಕೊಂಡಿರುವ ವಾಟ್ಸಾಪ್ ಗುಂಪಿನಲ್ಲಿ ಯಾರೋ ಫೋಟೋ ಹಾಕಿ, ಕೆಳಗೆ ಕೈಮುಗಿದ ಚಿತ್ರ ಹಾಕಿದ್ದರು. ನಿದ್ದೆಯಲ್ಲೇ ಹೋದರಂತೆ. ಯಾರ ಕೈಲೂ ಒಂದು ಲೋಟ ನೀರು ಕುಡಿಸಿಕೊಳ್ಳದೆ ಹೋದರು, ಅದು ಭಗವಂತ ಅವರಿಗೆ ಮಾಡಿದ ಒಂದು ಉಪಕಾರ. ಅವತ್ತು ಭಾನುವಾರವಾಗಿದ್ದದ್ದು ಇನ್ನೊಂದು. ಕೆಲಸಕ್ಕೆ ಹೋಗುವ ಹಳೇ ಶಿಷ್ಯರೆಲ್ಲ ಬರುವುದಕ್ಕಾಯಿತು. ನಾನು ಹನ್ನೊಂದನೇ ದಿನಕ್ಕೆ ಹೋಗಿ ಊಟ ಮಾಡಿಕೊಂಡು ಬಂದೆ.

ಅವರ ಹೆಸರು ನಾನು ಬರೆಯುವುದಿಲ್ಲ. ಇದ್ದಿದ್ದರೆ ಅವರೇ ಬೇಡ ಅನ್ನುತ್ತಿದ್ದರು. ಹೊಳೆನರಸೀಪುರದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಮಕ್ಕಳಿಗೆ ಮಿಸ್, ನಮಗೆ ಟೀಚರಮ್ಮ, ನಮ್ಮ ಅತ್ತೆಗೆ ಟೀಚರಮ್ಮೋರು.

ಹುಟ್ಟೂರು ಅರಕಲಗೂಡು ಕಡೆಯ ಒಂದು ಹಳ್ಳಿ. ಮೊದಲು ಕೆಲಸಕ್ಕೆ ಸೇರಿದ್ದು ಹಳ್ಳಿಮೈಸೂರಿನ ಕಡೆ, ಆಮೇಲೆ ನಮ್ಮೂರಿನ ಹೈಸ್ಕೂಲಿಗೆ ಬಂದವರು ರಿಟೈರ್ ಆಗುವ ತನಕ ಇಲ್ಲೇ ಇದ್ದರು. ಹೇಳಿಕೊಡುತ್ತಿದ್ದದ್ದು ಸಮಾಜ ವಿಜ್ಞಾನ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳುವ ಧೈರ್ಯ ಬೀದಿಯಲ್ಲಿ ಯಾರಿಗೂ ಬರಲಿಲ್ಲ. ಉದ್ದನೆಯ ಹೆಂಗಸು. ವಾಚಿನ ಮುಖವನ್ನು ಮಣಿಕಟ್ಟಿನ ಒಳಗಡೆಗೆ ತಿರುಗಿಸಿ ಕಟ್ಟಿಕೊಳ್ಳುತ್ತಿದ್ದರು. ಬಿಸಿಲಿರಲಿ ಮಳೆಯಿರಲಿ ಕೈಯಲ್ಲಿ ಕೊಡೆ. ಅವರ ಮನೆಯ ಕಾಫಿ ಮಾತ್ರ ಕುಡಿಯುವ ಹಾಗಿರುತ್ತಿರಲಿಲ್ಲ, ಇದನ್ನು ಹೇಳಿದರೆ ತಪ್ಪಿಲ್ಲ, ಅವರೇ ಹೇಳುತ್ತಿದ್ದರು. ಹೊಗಳುವುದು ಅವರಿಗೆ ಬರುತ್ತಿರಲಿಲ್ಲ. ಶುಕ್ರವಾರ ಕುಂಕುಮಕ್ಕೆ ಕರೆದರೆ ತಪ್ಪದೆ ಬರುವರು, ದೇವರ ಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುವರು, ಪಾಯಸ ಕೊಟ್ಟರೆ ಪೂರ್ತಿ ತಿಂದು ಸಿಹಿ ಮುಂದಾಯಿತು ಅಂತ ಹೇಳಿ ಹೋಗುವರು. ಮೊದಮೊದಲು ನನಗೆ ಬೇಜಾರಾಗುತ್ತಿತ್ತು. ಆಮೇಲೆ ಬೆಲ್ಲ ಕಡಿಮೆ ಹಾಕಿ ನೋಡಿದೆ. ಅವರು ಹೇಳಿದ್ದೇ ಸರಿ.

ಊರಿನಲ್ಲಿ ಅವರ ಮಾತು ಬಂದರೆ ಎಲ್ಲರೂ ಹೇಳುವುದು ಪರೀಕ್ಷೆಯ ದಿನದ ಕಥೆಗಳನ್ನೇ. ಬೇರೆ ಮೇಷ್ಟರುಗಳು ಪರೀಕ್ಷೆ ನಡೆಯುವಾಗ ಬೆಂಚುಗಳ ಮಧ್ಯೆ ಓಡಾಡುತ್ತಾರೆ, ಇಲ್ಲವೇ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಾರೆ. ಟೀಚರಮ್ಮ ಪ್ರಶ್ನೆಪತ್ರಿಕೆ ಹಂಚಿ ನೇರವಾಗಿ ಕಡೇ ಬೆಂಚಿಗೆ ಹೋಗಿ ಕೂತುಬಿಡುವರು. ಮಕ್ಕಳಿಗೆ ಅವರು ಯಾರನ್ನು ನೋಡುತ್ತಿದ್ದಾರೆ ಅನ್ನುವುದು ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದರೆ ಹಿಂದಕ್ಕೆ ತಿರುಗಬೇಕು. ತಿರುಗಿದವರು ಸಿಕ್ಕಿಬಿದ್ದ ಹಾಗೆಯೇ.

ಒಬ್ಬ ಹುಡುಗ ಕಾಲುಚೀಲದೊಳಗೆ ಚೀಟಿ ಇಟ್ಟುಕೊಂಡು ಬಂದು ಸಿಕ್ಕಿಬಿದ್ದಿದ್ದ. ಟೀಚರಮ್ಮ ಹೊಡೆಯಲಿಲ್ಲ, ಹೊರಗೂ ಕಳಿಸಲಿಲ್ಲ. ಚೀಟಿಯನ್ನು ಮನೆಗೆ ತೆಗೆದುಕೊಂಡು ಹೋಗಿ, ಕೆಂಪು ಪೆನ್ನಿನಲ್ಲಿ ತಿದ್ದಿ, ನಂಬರು ಹಾಕಿ, ಮಾರನೇ ದಿನ ಅವನ ಕೈಗೇ ಕೊಟ್ಟರು. ಹತ್ತಕ್ಕೆ ನಾಲ್ಕು. “ಲೇ, ಚೀಟಿ ಬರ್ಕೊಂಡು ಬರೋನು ಸರಿಯಾಗಾದ್ರೂ ಬರ್ಕೊಂಡು ಬಾರ್ಲಾ. ಇದನ್ನ ನಾನು ಹಿಡೀದೆ ಬಿಟ್ಟಿದ್ರೂ ನೀನು ಫೇಲೇ ಆಗ್ತಿದ್ದೆ” ಅಂದರಂತೆ. ಆ ಹುಡುಗ ಈಗ ಬಸ್ ಸ್ಟ್ಯಾಂಡ್ ಹತ್ತಿರ ಟೈರಿನ ಅಂಗಡಿ ಇಟ್ಟಿದ್ದಾನೆ. ಈ ಕಥೆಯನ್ನು ಅವನೇ ಗಿರಾಕಿಗಳಿಗೆ ಹೇಳಿಕೊಂಡು ನಗುತ್ತಾನೆ.

ಪರೀಕ್ಷೆ ಕೋಣೆಗಳಿಗೆ ಈಗಿನ ಹಾಗೆ ಕ್ಯಾಮೆರಾ ಬರುವುದಕ್ಕೆ ಮುಂಚೆ, ಅರಕಲಗೂಡು ಕಡೆಯ ಒಂದು ಸೆಂಟರಿಗೆ ಅವರನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮೇಲ್ವಿಚಾರಣೆಗೆ ಹಾಕಿದ್ದರು. ಆಗೆಲ್ಲ ಮಕ್ಕಳು ಒಳಗೆ ಬರೆಯುತ್ತಿದ್ದರೆ ಅಣ್ಣಂದಿರು, ಮಾವಂದಿರು ಕಾಂಪೌಂಡಿನ ಹೊರಗೆ ನಿಂತು ಕಲ್ಲಿಗೆ ಕಾಗದ ಸುತ್ತಿ ಕಿಟಕಿಯಿಂದ ಎಸೆಯುತ್ತಿದ್ದರು. ಹಾಗೆ ಬಂದ ಒಂದು ಕಲ್ಲು ಟೀಚರಮ್ಮನ ಕಾಲ ಹತ್ತಿರ ಬಿತ್ತು. ಅವರು ಅದನ್ನು ಎತ್ತಿಕೊಂಡು ಹೊರಗೆ ಬಂದು, ನಿಂತಿದ್ದವರ ಎದುರಿಗೆ ಹೋಗಿ, ಇದು ಯಾರದಪ್ಪಾ, ಒಳಗೆ ಬಿದ್ದುಹೋಗಿತ್ತು, ತಗೊಳ್ಳಿ ಅಂತ ಕೈಚಾಚಿದರಂತೆ. ಯಾರೂ ತೆಗೆದುಕೊಳ್ಳಲಿಲ್ಲ. ಪಾಪ, ಹಾಗಾದರೆ ಯಾರದೂ ಅಲ್ಲ ಅಂದು ಕಲ್ಲನ್ನು ಅಲ್ಲೇ ಇಟ್ಟು, ಕಾಗದವನ್ನು ಮಡಿಸಿಕೊಂಡು ಒಳಗೆ ಹೋದರಂತೆ. ಆಮೇಲೆ ಅಲ್ಲಿ ಕಲ್ಲು ಬೀಳಲಿಲ್ಲ ಅನ್ನುತ್ತಾರೆ. ಅಷ್ಟು ಸುಲಭಕ್ಕೆ ನಿಂತಿತೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳಿದ್ದನ್ನು ಬರೆದಿದ್ದೇನೆ.

ಎಂಟನೇ ಕ್ಲಾಸಿಗೆ ಹೊಸದಾಗಿ ಬಂದ ಮಕ್ಕಳಿಗೆ ಮೊದಲ ವಾರವೇ ನೋಡಿ ಬರೆಯುವ ವಿಷಯ ಹೇಳುತ್ತಿದ್ದರು. ಪಾಪ ಪುಣ್ಯ ಅಂತ ಹೇಳುತ್ತಿರಲಿಲ್ಲ. ಪರೀಕ್ಷೆ ಇಡುವುದು ನಿಮಗೆ ಏನು ಬರುವುದಿಲ್ಲ ಅಂತ ನನಗೆ ಗೊತ್ತಾಗಲಿ ಅಂತ, ನೀನು ಪಕ್ಕದವಳದ್ದು ನೋಡಿ ಬರೆದರೆ ನಾನು ಪಕ್ಕದವಳಿಗೇ ಎರಡು ಸಲ ಪಾಠ ಮಾಡಿದ ಹಾಗಾಯಿತು, ನಿನ್ನ ಪಾಠ ಯಾವಾಗ ಮಾಡಲಿ ಅಂತ ಕೇಳುವರು. ನನ್ನ ಮಗಳು ಚೈತ್ರ ಆ ಕ್ಲಾಸಿಗೆ ಸೇರಿದ ವರ್ಷ ಮನೆಗೆ ಬಂದು ಇದನ್ನು ಅವರ ಹಾಗೆಯೇ ಸೊಂಟದ ಮೇಲೆ ಕೈ ಇಟ್ಟುಕೊಂಡು ಹೇಳಿ ತೋರಿಸಿದ್ದಳು. ತಮ್ಮ ಜೊತೆಯ ಮೇಷ್ಟರುಗಳಿಗೂ ಟೀಚರಮ್ಮ ಒಂದು ಮಾತು ಹೇಳುತ್ತಿದ್ದರಂತೆ, ನಿಮ್ಮ ಕಣ್ಣಾರೆ ನೋಡದೆ ಯಾವ ಮಗುವನ್ನೂ ಕಳ್ಳ ಅನ್ನಬೇಡಿ ಅಂತ.

ಆ ಮಾತನ್ನು ಅವರೇ ಒಂದು ಸಲ ಮೀರಿದರು. ಮೀರಿದ್ದು ನನ್ನ ಮಗಳ ವಿಷಯದಲ್ಲಿ.

ಅದು ಅವರೆಕಾಯಿ ಕಾಲ. ಸಮಾಜ ವಿಜ್ಞಾನದ ಟೆಸ್ಟ್ ಆಗಿತ್ತು. ಟೆಸ್ಟ್ ಆದ ಮೇಲಿನ ಸೋಮವಾರ ಚೈತ್ರ ಸ್ಕೂಲಿನಿಂದ ಬಂದವಳು ಚೀಲ ಬಿಸಾಕಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಊಟಕ್ಕೆ ಏಳಲಿಲ್ಲ. ಬಿಡಿಸಿ ಬಿಡಿಸಿ ಕೇಳಿದ ಮೇಲೆ ಗೊತ್ತಾಯಿತು. ಒಂದು ಪ್ರಶ್ನೆಗೆ ಅವಳೂ ಅವಳ ಗೆಳತಿ ರಕ್ಷಿತಾಳೂ ಅಕ್ಷರಕ್ಕೆ ಅಕ್ಷರ ಒಂದೇ ಉತ್ತರ ಬರೆದಿದ್ದರಂತೆ. ಟೀಚರಮ್ಮ ಇಬ್ಬರನ್ನೂ ಎಬ್ಬಿಸಿ ನಿಲ್ಲಿಸಿ, ಇಬ್ಬರಲ್ಲಿ ಒಬ್ಬಳು ಕಳ್ಳಿ, ಯಾರು ಅಂತ ನೀವೇ ಹೇಳಿ ಅಂದಿದ್ದರು. ಇಬ್ಬರೂ ಬಾಯಿ ಬಿಡಲಿಲ್ಲ. ಆ ಪ್ರಶ್ನೆಗೆ ಇಬ್ಬರಿಗೂ ಸೊನ್ನೆ ಹಾಕಿದರು.

ಸೊನ್ನೆಗೆ ನನ್ನ ಮಗಳು ಅಳಲಿಲ್ಲ. ಊಟದ ಬಿಡುವಿನಲ್ಲಿ ಹುಡುಗರು ಕಳ್ಳಿ ಕಳ್ಳಿ ಅಂತ ಹಿಂದೆ ಬಿದ್ದರಂತೆ. ಅದಕ್ಕಿಂತ ದೊಡ್ಡದು, ರಕ್ಷಿತಾಳೇ ನನ್ನದನ್ನು ನೋಡಿ ಬರೆದಿದ್ದಾಳೆ ಅಂತ ಇವಳಿಗೆ ಅನುಮಾನ. ಇವಳೇ ಬರೆದಿದ್ದಾಳೆ ಅಂತ ರಕ್ಷಿತಾಳಿಗೆ. ಒಂದೇ ಡಬ್ಬಿಯಲ್ಲಿ ತಿನ್ನುತ್ತಿದ್ದ ಮಕ್ಕಳು ಬೇರೆ ಬೇರೆ ಮೂಲೆಯಲ್ಲಿ ಕೂತರು. ಮಾರನೇ ದಿನ ಚೈತ್ರ ಸ್ಕೂಲಿಗೆ ಹೋಗುವುದಿಲ್ಲ ಅಂದಳು. ಅದರ ಮಾರನೇ ದಿನವೂ ಹೋಗಲಿಲ್ಲ. ಇನ್ನು ಆ ಸ್ಕೂಲಿಗೆ ಕಾಲಿಡುವುದೇ ಇಲ್ಲ, ಬೇರೆ ಸ್ಕೂಲಿಗೆ ಹಾಕಿ, ಇಲ್ಲದಿದ್ದರೆ ಮನೆಯಲ್ಲೇ ಇರುತ್ತೇನೆ ಅಂದಳು. ನಮ್ಮನೆಯವರು ಎರಡು ಸಲ ಗದರಿದರು. ಅನ್ನದ ತಟ್ಟೆ ಮುಂದಿಟ್ಟರೆ ಎರಡು ತುತ್ತು ತಿಂದು ಏಳುವಳು. ಹದಿಮೂರು ವರ್ಷದ ಹುಡುಗಿ, ಹಟ ಹಿಡಿದರೆ ಎಲ್ಲಿಗೆ ಹೋಗಿ ನಿಲ್ಲುತ್ತದೋ ಅಂತ ನನಗೆ ದಿಗಿಲು.

ನಮ್ಮ ಅತ್ತೆಗೆ ಗೊತ್ತಿದ್ದದ್ದು ಒಂದೇ ದಾರಿ. ಸ್ನಾನ ಮಾಡಿಸಿ, ದೇವರ ಮುಂದೆ ದೀಪ ಹಚ್ಚಿ, ಮೊಮ್ಮಗಳನ್ನು ಕೂರಿಸಿದರು. “ದೀಪ ಮುಟ್ಟಿ ಯೋಳಮ್ಮಿ, ನೋಡ್ಕಂಡ್ ಬರ್ದಿಲ್ಲ ಅಂತ. ಆಮ್ಯಾಕೆ ಯಾರೇನಂದ್ರೂ ನಾನ್ ನೋಡ್ಕತೀನಿ.” ಚೈತ್ರ ಹಿಂದೆಮುಂದೆ ನೋಡದೆ ಮುಟ್ಟಿದಳು. ನನಗೆ ಅಷ್ಟು ಸಾಕಾಯಿತು. ಸಂಜೆ ಟೀಚರಮ್ಮನ ಮನೆಗೆ ಹೋದೆ.

ಅವರು ಜಗಲಿಯ ಮೇಲೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ಮಗಳು ದೀಪ ಮುಟ್ಟಿ ಆಣೆ ಮಾಡಿದ್ದಾಳೆ ಅಂತ ಹೇಳಿದೆ. ಅವರು ಕನ್ನಡಕ ತೆಗೆದರು.

“ಮಗು ಕೈಲಿ ದೀಪ ಯಾಕಮ್ಮಾ ಮುಟ್ಟಿಸಿದ್ರಿ? ಐದು ನಂಬರಿನ ಪ್ರಶ್ನೆಗೆ ದೇವರನ್ನ ಎಳೆದು ತಂದು ಸಾಕ್ಷಿಗೆ ನಿಲ್ಲಿಸ್ತೀರಾ?”

ನನಗೆ ಕೋಪ ಬಂತು. ದೇವರನ್ನು ನಂಬದೆ ಇನ್ನು ಯಾರನ್ನು ನಂಬೋಣ ಟೀಚರಮ್ಮ, ನೀವು ಕಣ್ಣಲ್ಲಿ ನೋಡಿದ್ದಿರಾ ಅಂತ ಕೇಳಿಬಿಟ್ಟೆ. ಅವರು ಇಲ್ಲ, ನೋಡಲಿಲ್ಲ ಅಂದರು. ಅದೇ ನನಗೂ ಎರಡು ದಿನದಿಂದ ಸರಿಹೋಗುತ್ತಿಲ್ಲ ಅಂದರು. ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದು, ನಡೀರಿ ನಿಮ್ಮನೆಗೆ ಹೋಗೋಣ ಅಂದರು.

ನಮ್ಮ ಅಡುಗೆಮನೆಯಲ್ಲಿ ಅತ್ತೆ ಅವರೆಕಾಯಿ ರಾಶಿ ಹಾಕಿಕೊಂಡು ಸುಲಿಯುತ್ತಿದ್ದರು. ಬನ್ನಿ ಟೀಚರಮ್ಮೋರೆ, ಕುಂತ್ಕಳಿ ಅಂದರೇ ಹೊರತು ಮುಖ ಎತ್ತಿ ನೋಡಲಿಲ್ಲ. ಟೀಚರಮ್ಮ ಮಣೆ ಎಳೆದುಕೊಂಡು ಕೂತು ತಾವೂ ಸುಲಿಯಲು ಶುರು ಮಾಡಿದರು. ಚೈತ್ರ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಅವಳನ್ನು ನೋಡದೆಯೇ, ಅವತ್ತು ಆ ಪ್ರಶ್ನೆಗೆ ಏನು ಬರೆದೆ, ಒಂದು ಸಲ ಹೇಳು ಅಂದರು. ಪ್ರಶ್ನೆ ಏನು ಅನ್ನುವುದು ನನಗೆ ಆಗಲೇ ಗೊತ್ತಾಗಿದ್ದು. ನಿಮ್ಮ ಊರಿನ ಸಮೀಪ ಹರಿಯುವ ನದಿ ಮತ್ತು ಅದರ ಉಪಯೋಗಗಳನ್ನು ಬರೆಯಿರಿ ಅಂತ. ಮಕ್ಕಳು ತಾವಾಗಿ ಬರೆಯಲಿ ಅಂತ ಪಾಠದ ಕೊನೆಯ ಪ್ರಶ್ನೆಗಳಲ್ಲಿ ಅವರೇ ಆರಿಸಿ ಕೊಟ್ಟದ್ದಂತೆ.

ಚೈತ್ರ ಕಣ್ಣು ಮುಚ್ಚಿಕೊಂಡಳು. ಎಲ್ಲೂ ನಿಲ್ಲದೆ ಹೇಳಿದಳು. “ನಮ್ಮ ಊರಿನ ಸಮೀಪದಲ್ಲಿ ತುಂಗಭದ್ರಾ ನದಿಯು ಹರಿಯುತ್ತದೆ. ಇದು ನಮ್ಮ ಊರಿನ ಜೀವನಾಡಿಯಾಗಿದೆ. ಇದಕ್ಕೆ ನಮ್ಮ ಊರಿನ ಸಮೀಪದಲ್ಲಿ ಬೃಹತ್ ಅಣೆಕಟ್ಟನ್ನು ನಿರ್ಮಿಸಲಾಗಿದೆ. ಇದರಿಂದ ಬಳ್ಳಾರಿ ಮತ್ತು ರಾಯಚೂರು ಭಾಗದ ರೈತರು...”

ಅತ್ತೆ ಅವರೆಕಾಯಿ ಕೆಳಗಿಟ್ಟರು. “ಯಾವ್ ಭದ್ರೆನಮ್ಮಿ ಅದು? ಹಿತ್ಲು ಬಾಗ್ಲು ತಗುದ್ರೆ ಹೇಮಾವತಿ ಕಾಣ್ತಳೆ. ಅದ್ರಾಗೇ ತಾನೇ ನೀನು ಬಿದ್ದು ಒದ್ದಾಡಿ ಈಜು ಕಲ್ತಿದ್ದು?”

“ಅದು ನಂಗೊತ್ತು ಅಜ್ಜಿ. ಪರೀಕ್ಷೇಲಿ ಹಿಂಗೇ ಬರೀಬೇಕು.”

ಟೀಚರಮ್ಮನ ಕೈ ನಿಂತಿತು. ಹಿಂಗೇ ಬರೀಬೇಕು ಅಂತ ಯಾರು ಹೇಳಿದರು ಅಂತ ಕೇಳಿದರು. ಚೈತ್ರ ನನ್ನ ಮುಖ ನೋಡಿದಳು. ಟ್ಯೂಷನ್ ಸರ್ ಅಂದಳು. ಬಸ್ ಸ್ಟ್ಯಾಂಡ್ ಹಿಂದೆ ಹೊಸದಾಗಿ ಒಬ್ಬರು ಟ್ಯೂಷನ್ ಶುರು ಮಾಡಿದ್ದರು. ಆ ಕ್ಲಾಸಿನಿಂದ ಅಲ್ಲಿಗೆ ಹೋಗುತ್ತಿದ್ದವರು ಇವರಿಬ್ಬರೇ. ಆ ಸರ್ ಯಾವುದೋ ಊರಿನ ಗೈಡಿನಲ್ಲಿದ್ದ ಉತ್ತರವನ್ನು ಇದ್ದ ಹಾಗೆ ಹೇಳಿ, ಬಾಯಿಪಾಠ ಮಾಡಿಸಿ, ಒಬ್ಬೊಬ್ಬರನ್ನೇ ಒಪ್ಪಿಸಿಕೊಂಡು ಕಳಿಸುತ್ತಿದ್ದರು. ನನ್ನ ಪಾಠ ಕೇಳದವರು ಟ್ಯೂಷನ್‌ಗೆ ಹೋಗಲಿ ಅಂತ ಟೀಚರಮ್ಮ ಒಂದು ಸಲ ಕ್ಲಾಸಿನಲ್ಲಿ ಅಂದಿದ್ದರಂತೆ. ಅದಕ್ಕೇ ಸೋಮವಾರ ಎಬ್ಬಿಸಿ ನಿಲ್ಲಿಸಿದಾಗ ಇಬ್ಬರೂ ಟ್ಯೂಷನ್ ವಿಷಯ ಬಾಯಿ ಬಿಟ್ಟಿರಲಿಲ್ಲ. ಒಬ್ಬಳಿಗೆ ಬಂದ ಉತ್ತರವೇ ಇನ್ನೊಬ್ಬಳಿಗೂ ಬಂದಿರುತ್ತದೆ ಅನ್ನುವುದು ಆ ಗಾಬರಿಯಲ್ಲಿ ಮಕ್ಕಳಿಗೂ ಹೊಳೆದಿರಲಿಲ್ಲ.

ಟೀಚರಮ್ಮ ಸುಲಿದ ಕಾಳನ್ನು ಅತ್ತೆಯ ಮೊರಕ್ಕೆ ಸುರಿದು ಎದ್ದರು. ಅಲ್ಲಿಂದ ರಕ್ಷಿತಾಳ ಮನೆಗೆ ಹೋಗಿ ಅವಳ ಬಾಯಲ್ಲೂ ಹೇಳಿಸಿದರಂತೆ. ಅದೇ ತುಂಗಭದ್ರೆ, ಅದೇ ಬಳ್ಳಾರಿ, ಅದೇ ರಾಯಚೂರು, ಒಂದು ಅಕ್ಷರ ಹೆಚ್ಚುಕಡಿಮೆ ಇಲ್ಲ.

ಆಮೇಲೆ ನಡೆದದ್ದನ್ನು ಟೀಚರಮ್ಮನೇ ಎಷ್ಟೋ ದಿನದ ಮೇಲೆ ನನಗೆ ಹೇಳಿದರು. ನಾಳೆ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ ಅಂತ ಹೆಡ್‌ಮಾಸ್ಟರಿಗೆ ಹೇಳಿದರಂತೆ. ಅವರು ಒಳ್ಳೆಯ ಮನುಷ್ಯರೇ. ಬೇಡಿ ಮೇಡಮ್, ಮಕ್ಕಳಿಬ್ಬರನ್ನೂ ಸ್ಟಾಫ್ ರೂಮಿಗೆ ಕರೆದು ಹೇಳಿಬಿಡಿ, ಎಲ್ಲರೆದುರು ಹೇಳಿದರೆ ನಾಳೆ ಯಾರು ನಮಗೆ ಹೆದರುತ್ತಾರೆ ಅಂದರಂತೆ. ಟೀಚರಮ್ಮ, ಕಳ್ಳಿ ಅಂದದ್ದು ಸ್ಟಾಫ್ ರೂಮಿನಲ್ಲಲ್ಲವಲ್ಲ ಸರ್ ಅಂದರಂತೆ. ಇದನ್ನು ಹೇಳುವಾಗ ಅವರು ಏನೂ ದೊಡ್ಡಸ್ತಿಕೆ ತೋರಿಸಲಿಲ್ಲ. ರಾತ್ರಿ ಊಟ ಸೇರಲಿಲ್ಲ ಅಂತ ಮಾತ್ರ ಸೇರಿಸಿದರು.

ನಾಳೆ ಒಂದು ದಿನ ಪ್ರಾರ್ಥನೆಗೆ ಬರಲಿ, ಆಮೇಲೆ ಬೇಕಾದರೆ ಬಿಡಲಿ ಅಂತ ನಮ್ಮನೆಗೆ ಹೇಳಿಕಳಿಸಿದ್ದರು. ಚೈತ್ರ ಒಲ್ಲದ ಮನಸ್ಸಿನಿಂದ ಹೊರಟಳು. ನಾನೂ ಜೊತೆಗೆ ಹೋದೆ. ಒಳಗೆ ಹೋಗದೆ ಗೇಟಿನ ಹೊರಗೆ, ಹೂ ಮಾರುವವಳ ಪಕ್ಕದಲ್ಲಿ ನಿಂತೆ. ನಾಡಗೀತೆ ಮುಗಿಯಿತು. ಟೀಚರಮ್ಮ ಮುಂದೆ ಬಂದರು. ಮೈಕ್ ಬೇಡ ಅಂತ ಕೈ ಮಾಡಿದರು. ಅವರ ಗಂಟಲಿಗೆ ಮೈಕ್ ಬೇಕಾಗಿಯೂ ಇರಲಿಲ್ಲ.

“ಸೋಮವಾರ ಎಂಟನೇ ಕ್ಲಾಸಲ್ಲಿ ಇಬ್ಬರು ಹುಡುಗೀರನ್ನ ನಿಲ್ಲಿಸಿ, ಒಬ್ಬಳು ಕಳ್ಳಿ ಅಂದೆ. ನಾನು ಕಣ್ಣಲ್ಲಿ ನೋಡಿರ್ಲಿಲ್ಲ. ಇಬ್ಬರೂ ಯಾರದನ್ನೂ ನೋಡಿ ಬರೆದಿಲ್ಲ, ವಿಚಾರಿಸಿದೀನಿ. ತಪ್ಪು ನಂದು. ಆ ಮಾತನ್ನ ವಾಪಸ್ ತಗೊಂಡಿದೀನಿ. ಇನ್ನು ಯಾರಾದ್ರೂ ಅವರನ್ನ ಹಾಗೆ ಕರೆದ್ರೆ, ನಾನು ವಾಪಸ್ ತಗೊಂಡಿದ್ದನ್ನ ಕರೆದೋರು ಕದ್ದಂಗಾಯ್ತು.”

ಮೇಷ್ಟರುಗಳು ನೆಲ ನೋಡುತ್ತಿದ್ದರು. ಟೀಚರಮ್ಮ ಹಿಂದಕ್ಕೆ ಸರಿಯುವಷ್ಟರಲ್ಲಿ ಎಂಟನೇ ಕ್ಲಾಸಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. ನನ್ನ ಮಗಳದ್ದೇ.

“ಮಿಸ್, ಹಾಗಾದ್ರೆ ಐದು ನಂಬರ್?”

“ಯಾವ ನಂಬರ್?”

“ಸೊನ್ನೆ ಹಾಕಿದೀರಲ್ಲ ಮಿಸ್.”

“ಅದು ಹಂಗೇ ಇರುತ್ತೆ. ನಿಮ್ಮಮ್ಮ ದಿನಾ ಬಟ್ಟೆ ಒಗೆಯೋಕೆ ಹೊಸಪೇಟೆಗೆ, ತುಂಗಭದ್ರೆಗೆ ಹೋಗ್ತಾರಾ?”

ಇಡೀ ಮೈದಾನ ನಕ್ಕಿತು. ಹೂ ಮಾರುವವಳು ಏನಂತೆ ಅಕ್ಕ ಅಂತ ನನ್ನನ್ನು ಕೇಳಿದಳು. ಚೈತ್ರಳ ಕಿವಿ ಕೆಂಪಾದವು, ಆದರೆ ಕೈ ಇಳಿಸಲಿಲ್ಲ. ಇನ್ನೊಂದು ಸಲ ಬರೆಯುತ್ತೇವೆ ಮಿಸ್ ಅಂದಳು. ಬರೆಯುತ್ತೇವೆ ಅಂದದ್ದು ನನಗೆ ಸರಿಯಾಗಿ ಕೇಳಿಸಿತು. ರಕ್ಷಿತಾಳನ್ನೂ ಸೇರಿಸಿಕೊಂಡಿದ್ದಳು. ಮಧ್ಯಾಹ್ನ ಬನ್ನಿ ಅಂದರು ಟೀಚರಮ್ಮ.

ಸಂಜೆ ಮಗಳು ಮನೆಗೆ ಬಂದದ್ದು ಉರಿಯುತ್ತಾ. ಕೈಕಾಲು ತೊಳೆಯದೆ ತಟ್ಟೆ ಮುಂದೆ ಕೂತಳು. ಹೇಮಾವತಿ ಮಳೆಗಾಲದಲ್ಲಿ ಕೆಂಪಗಾಗುವುದು, ಗೌರಿ ಹಬ್ಬಕ್ಕೆ ನಾನು ಅಲ್ಲಿಂದ ನೀರು ತರುವುದು, ಬೇಸಿಗೆಯಲ್ಲಿ ಅವಳಪ್ಪ ನೀರಿಗೆ ಇಳಿಯಲು ಬಿಡದೆ ಇರುವುದು, ಎಲ್ಲ ಬರೆದಿದ್ದಳಂತೆ. ಟೀಚರಮ್ಮ ಎದುರಿಗೇ ತಿದ್ದಿ, ಗದ್ದೆಗೆ ನೀರು ಹೋಗುವುದನ್ನೇ ಬಿಟ್ಟಿದ್ದೀಯಲ್ಲ ಅಂತ ಐದಕ್ಕೆ ಎರಡು ಕೊಟ್ಟಿದ್ದರು. ರಕ್ಷಿತಾ ಮೀನಿನ ವಿಷಯ ಬರೆದಿದ್ದಳು, ಅವಳಿಗೆ ಎರಡೂವರೆ.

“ಅವಳ ಮೀನಿಗೆ ಅರ್ಧ ನಂಬರ್ ಜಾಸ್ತಿಯಂತೆ. ನಿನ್ನ ಗೌರಿಗೆ ಏನೂ ಇಲ್ಲ. ನೀನೇ ಹೋಗಿ ಕೇಳಮ್ಮ.”

ಕೇಳುತ್ತೇನೆ ಅಂದೆ. ಅನ್ನ ಖಾಲಿಯಾಗಿತ್ತು. ಇನ್ನೊಂದು ಸೌಟು ಬಡಿಸಿದೆ, ಅವರೆಕಾಳಿನ ಸಾರು ಹಾಕಿದೆ. ಟೀಚರಮ್ಮನನ್ನು ಬೈದುಕೊಂಡೇ ಅದನ್ನೂ ತಿಂದಳು.